ರುಚಿ ನೋಡದ ಇಪ್ಪತ್ತಮೂರು ಮನೆಗಳು

ಡಾಕ್ಟರ್ ಇಂದುಧರರಿಗೆ ಅಂದು ಎಲ್ಲಿಲ್ಲದ ಉತ್ಸಾಹ. ಅರಸೀಕೆರೆಯ ಬಾಡಿಗೆ ಮನೆಯ ನಡುಮನೆಯೇ ಅವರ ಸಂಶೋಧನೆಯ ಕಚೇರಿ. ಹಾರನಹಳ್ಳಿ ಸುತ್ತಿನ ನೂರಾಹತ್ತು ಮನೆಗಳ ಫಾರಂಗಳನ್ನು ಮೇಜಿನ ತುಂಬ ಹರಡಿಕೊಂಡು ಕೂತಿದ್ದರು.

"ನೋಡಿ ರತ್ನಪ್ರಭಾ, ಎಲ್ಲ ತಲೆಕೆಳಗಾಯ್ತು. ಟೀ ಒಗರು ರಾಗಿ, ಸೊಪ್ಪಿನ ಕಬ್ಬಿಣಾನ ಹಿಡ್ಕೊಂಡುಬಿಡುತ್ತೆ, ರಕ್ತಕ್ಕೆ ಸೇರಗೊಡಲ್ಲ ಅಂತ ಲ್ಯಾಬಿನೋರು ಹೇಳ್ತಾರೆ. ಇಲ್ಲಿ ನೋಡಿದ್ರೆ ದಿನಕ್ಕೆ ಮೂರು ಲೋಟ ಕುಡಿಯೋ ದೊಡ್ಡಮನೆ ಹೆಂಗಸರು ಗಟ್ಟಿಮುಟ್ಟಾಗಿದಾರೆ. ನೆಂಟರು ಬಂದಾಗ ಮಾತ್ರ ಕುಡಿಯೋ ಕೇರಿ ಹೆಂಗಸರ ಮೈಯಲ್ಲಿ ರಕ್ತವೇ ಇಲ್ಲ. ಟೀದೇನೂ ತಪ್ಪಿಲ್ಲ ಅಂತ ಬರೆದುಬಿಡೋಣ. ನಿಮ್ಮ ಹೆಸರೂ ಇರುತ್ತೆ."

ಮನೆಮನೆ ಸುತ್ತಿ ಫಾರಂ ತುಂಬಿಕೊಂಡು ಬಂದಿದ್ದ ಸಹಾಯಕಿ ರತ್ನಪ್ರಭಾಳ ಮುಖ ಅರಳಿತು. ಅಚ್ಚಾದ ಲೇಖನದಲ್ಲಿ ಮಗಳ ಹೆಸರು ಕಂಡರೆ ಹಳೇಬೀಡಿನ ಬಸದಿ ಬೀದಿಯಲ್ಲಿ ಅಪ್ಪ ಬ್ರಹ್ಮದೇವರು ಅದನ್ನು ಮನೆಮನೆಗೂ ತೋರಿಸಿಕೊಂಡು ಬರುವವರು. ಅಷ್ಟರಲ್ಲಿ ಅವಳ ಕಣ್ಣು ಫಾರಂನ ಕೊನೆಯ ಕಾಲಮ್ಮಿನ ಮೇಲೆ ಬಿತ್ತು. 'ಮನೆಯಲ್ಲಿ ಮಾಡಿದ ಟೀಯನ್ನು ಒಂದು ಚಮಚ ಕುಡಿದು ಒಗರು ಬರೆಯಿರಿ: ಕಡಿಮೆ, ಸಾಧಾರಣ, ಹೆಚ್ಚು.' ಕೇರಿಯ ಇಪ್ಪತ್ತಮೂರು ಫಾರಂಗಳಲ್ಲೂ ಅವಳದೇ ದುಂಡನೆಯ ಅಕ್ಷರದಲ್ಲಿ 'ಸಾಧಾರಣ' ಎಂದಿತ್ತು.

ಆ ಇಪ್ಪತ್ತಮೂರು ಮನೆಗಳಲ್ಲಿ ಒಂದರಲ್ಲೂ ಅವಳು ಒಂದು ಹನಿ ನಾಲಿಗೆಗೆ ತಾಗಿಸಿರಲಿಲ್ಲ.

"ಕಳಿಸೋಕೆ ಮುಂಚೆ ಕೇರಿಯ ನಾಲ್ಕೈದು ಮನೆ ಇನ್ನೊಂದು ಸಲ ನೋಡಿಬನ್ನಿ" ಎಂದರು ಡಾಕ್ಟರು.

ಮೊದಲ ಸಲ ಕೇರಿಗೆ ಹೋದದ್ದು ಒಂದು ಇಳಿಹೊತ್ತಿನಲ್ಲಿ. ಮಾರಮ್ಮ ಚಾಪೆ ಕೊಡವಿ ಹಾಸಿ, ಎಲ್ಲಿಂದಲೋ ಹಾಲು ತಂದು, ಬೆಲ್ಲ ಹಾಕಿ ಟೀ ಮಾಡಿದ್ದಳು. ಲೋಟವನ್ನು ಮೂರು ಸಲ ತೊಳೆದದ್ದನ್ನು ರತ್ನಪ್ರಭಾ ನೋಡಿದ್ದಳು. ಆದರೂ ಕೈ ಮುಂದೆ ಬರಲಿಲ್ಲ.

"ಬೇಡ ಮಾರಮ್ಮ. ನಾವು ಜೈನರು. ಹೊತ್ತು ಮುಳುಗಿದ ಮೇಲೆ ಏನೂ ತಗೊಳ್ಳಲ್ಲ."

ಮಾರಮ್ಮ ಬಾಗಿಲಾಚೆ ನೋಡಿದಳು. ಬಿಸಿಲು ಇನ್ನೂ ತೆಂಗಿನ ಗರಿಯ ಮೇಲಿತ್ತು. "ವೊತ್ತು ಇನ್ನೂ ಐತಲ್ರವ್ವ" ಎಂದವಳು ಮತ್ತೆ ಮಾತು ಬೆಳೆಸಲಿಲ್ಲ. ಪಕ್ಕದ ಮನೆಯ ಬಸಮ್ಮ ಸುಮ್ಮನಿರುವವಳಲ್ಲ. ಸೂಜಿ ಚುಚ್ಚಿಸಿಕೊಂಡ ಬೆರಳನ್ನು ಚೀಪುತ್ತ, "ನಮ್ ರಕ್ತ ಆದ್ರೆ ತಗೊಂಡೋಯ್ತಾರೆ ಕಣಮ್ಮಿ, ನಮ್ ಟೀ ಮಾತ್ರ ಬ್ಯಾಡ!" ಎಂದಳು. ಹೆಂಗಸರೆಲ್ಲ ನಕ್ಕರು. ರತ್ನಪ್ರಭಾಳೂ ನಕ್ಕಿದ್ದಳು.

ಅಲ್ಲಿಂದ ನೇರ ಪಟೇಲರ ದೊಡ್ಡಮನೆಗೆ ಹೋಗಿ, ಜಗಲಿಯ ಮೇಲೆ ಕೂತು, ಮನೆಯೊಡತಿ ಕಮಲಾಕ್ಷಮ್ಮ ಕೊಟ್ಟ ಟೀಯನ್ನು ಒಂದು ಚಮಚವಲ್ಲ, ಲೋಟದ ತುಂಬ ಕುಡಿದಿದ್ದಳು. ಹೊತ್ತು ಆಗಲೂ ಮುಳುಗಿರಲಿಲ್ಲ.

ಈ ಸಲ ಅವಳು ಮೊದಲ ಬಸ್ಸಿಗೇ ಹೋದಳು. ಮಾರಮ್ಮ ಕೆಲಸಕ್ಕೆ ಹೊರಡುವ ಆತುರದಲ್ಲಿದ್ದಳು. ಒಲೆಯ ಮೇಲೆ ಮಸಿ ಹಿಡಿದ ಪಾತ್ರೆಯಲ್ಲಿ ಕಪ್ಪು ನೀರು ಕೊತಕೊತ ಕುದಿಯುತ್ತಿತ್ತು. ರಾತ್ರಿಯ ತಂಗಳು ಮುದ್ದೆಯನ್ನು ಮುರಿದು, ಆ ನೀರಿನಲ್ಲಿ ಅದ್ದಿ ನುಂಗುತ್ತಿದ್ದಳು.

"ಏನದು ಮಾರಮ್ಮ?"

"ಚರಟದ ನೀರು ಕಣ್ರವ್ವ. ದೊಡ್ಮನೇಲಿ ಟೀ ಸೋಸಿದ ಮ್ಯಾಲೆ ಚರಟ ನಂಗೇ ಕೊಡ್ತಾರೆ. ಅಂಗ್ಳ ಗುಡಿಸ್ತೀನಲ್ಲ. ನಾವ್ ನಾಕೈದು ಮನೆಯೋರು ಹಂಚ್ಕೊಂಡು ಮೂರು ದಿನ ಕುದುಸ್ತೀವಿ. ಬೆಳಗ್ಗೆ ಒಂದ್ ಚೆಂಬು, ಸಂಜೆ ಒಂದ್ ಚೆಂಬು. ಹಸಿವು ತಡೀತದೆ."

"ಅವತ್ತು ಕೇಳಿದಾಗ ನೆಂಟರು ಬಂದ್ರೆ ಮಾತ್ರ ಟೀ ಅಂದ್ರಲ್ಲ?"

"ಅಯ್ಯೋ, ಇದ್ಯಾವ ಟೀ! ಹಾಲು ಬೆಲ್ಲ ಹಾಕಿ ನಿಮ್ಗೆ ಮಾಡಿದ್ನಲ್ಲ, ಅದು ಟೀ." ಮಾರಮ್ಮ ಬೆರಳು ನೆಕ್ಕಿಕೊಂಡು, ಬೇರೇನೋ ನೆನೆದವಳಂತೆ ಹೇಳಿದಳು: "ಅವತ್ತು ನೀವು ದೊಡ್ಮನೇಲಿ ಕುಡುದ್ರಲ್ಲ, ಅದ್ರ ಚರಟಾನೂ ನಂಗೇ ಬಂತು. ನಿಮ್ ಹಿಂದೇನೇ ಕೆಲ್ಸಕ್ಕೆ ಬಂದು ಹಿತ್ಲಲ್ಲಿ ಲೋಟ ತೊಳಿತಿದ್ದೆ. ನಿಮ್ ಲೋಟಾನೂ ನಾನೇ ತೊಳ್ದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ರತ್ನಪ್ರಭಾಳಿಗೆ ಹಿಡಿದುಕೊಳ್ಳಲು ಒಂದು ಆಸರೆಯಾದರೂ ಸಿಗುತ್ತಿತ್ತು. ಹುಟ್ಟಿದಾಗಿನಿಂದ ಪಾಲಿಸಿಕೊಂಡು ಬಂದ ವ್ರತವನ್ನು ಈ ಹೆಂಗಸಿನ ಎದುರು ಸುಳ್ಳಿಗೆ ಮರೆ ಮಾಡಿಕೊಂಡಿದ್ದಳು. ಅಂದು ಈ ಚಾಪೆಯ ಮೇಲೆ ಕೂತು ಒಂದು ಗುಟುಕು ಕುಡಿದಿದ್ದರೆ ಮಾತಿಗೆ ಮಾತು ಬೆಳೆದು ಚರಟದ ಸುದ್ದಿಯೂ ಬರುತ್ತಿತ್ತು. ಲೋಟ ಬೇಡವೆಂದವಳ ಜೊತೆ ಯಾರು ಅಷ್ಟು ಮಾತಾಡುತ್ತಾರೆ?

"ನನಗೊಂದಿಷ್ಟು ಕೊಡಿ ಮಾರಮ್ಮ."

ಮಾರಮ್ಮ ಚೆಂಬು ಹಿಡಿದುಕೊಂಡೇ ಅವಳನ್ನು ನೋಡಿದಳು. "ಇದು ಕಾಗ್ದಕ್ಕೋ, ನಿಮ್ಗೋ?"

ಮಾರಮ್ಮ ಲೋಟ ತೊಳೆದು, ಒಂದು ಗುಟುಕಿನಷ್ಟು ಬಗ್ಗಿಸಿ ನೆಲದ ಮೇಲಿಟ್ಟಳು. ಈ ಸಲ ತೊಳೆದದ್ದು ಒಂದೇ ಸಲ. ಕೈಗೆ ಕೊಡಲಿಲ್ಲ. ಕುಡಿದರೆ ನಾಲಿಗೆಯೆಲ್ಲ ಎಳಸು ಬಾಳೆಕಾಯಿ ಕಚ್ಚಿದ ಹಾಗೆ ಹಿಡಿದುಕೊಂಡಿತು. ತಲೆಯೆತ್ತುವ ಹೊತ್ತಿಗೆ ಮಾರಮ್ಮ ಕುಡುಗೋಲು ತಗೊಂಡು ಅಂಗಳ ದಾಟಿದ್ದಳು.

ಬಸ್ಸಿನಲ್ಲಿ ಕೂತು ಡಾಕ್ಟರಿಗೆ ಹೇಳಬಹುದಾದ ಎರಡು ನೆಪ ಹುಡುಕಿಟ್ಟುಕೊಂಡಳು. ಹೆಂಗಸರು ತಪ್ಪು ಹೇಳಿದರು ಎನ್ನಬಹುದು. ಸಂಜೆಯ ಬಸ್ಸಿಗೆ ಅವಸರವಿತ್ತು ಎನ್ನಬಹುದು. ಎರಡನ್ನೂ ಯಾರಾದರೂ ನಂಬುತ್ತಾರೆ. ಅರಸೀಕೆರೆ ಬಂದರೂ ಬಾಯಿಯ ಒಗರು ಹೋಗಿರಲಿಲ್ಲ.

ಕಚೇರಿಯಲ್ಲಿ ಚರಟದ ಸಂಗತಿಯನ್ನೆಲ್ಲ ಹೇಳಿ, ಕೇರಿಯ ಫಾರಂಗಳನ್ನು ಬೇರೆ ತೆಗೆದು ಡಾಕ್ಟರ ಮುಂದಿಟ್ಟಳು. "ಇವು ಇಪ್ಪತ್ತಮೂರೂ ಸುಳ್ಳು ಸರ್. ನಾನು ರುಚಿ ನೋಡದೇ ಬರೆದದ್ದು. ಎಲ್ಲರಿಗಿಂತ ಹೆಚ್ಚು ಒಗರು ಕುಡಿಯೋರು ಕೇರಿಯೋರೇ, ಅದೂ ರಾಗಿ ಮುದ್ದೆ ಜೊತೆಗೆ. ಲೇಖನದಲ್ಲಿ ನನ್ನ ಹೆಸರು ಬೇಡ."

ಇಂದುಧರರು ಕನ್ನಡಕ ತೆಗೆದರು. "ಒಂದು ಚಮಚ ತಾನೇ ಅಮ್ಮ? ಯಾಕೆ ನೋಡಲಿಲ್ಲ?"

ನೆಪಗಳೆರಡೂ ನಾಲಿಗೆಯ ತುದಿಗೆ ಬಂದವು.

"ಅವರ ಮನೇದು ಅಂತ, ಸರ್" ಎಂದಳು.

ಡಾಕ್ಟರು, ಟೀದೇನೂ ತಪ್ಪಿಲ್ಲವೆಂದು ಬರೆದಿಟ್ಟಿದ್ದ ಮೊದಲ ಹಾಳೆಯನ್ನು ಎರಡಾಗಿ ಮಡಚಿ, ಮೇಜಿನ ಖಾನೆಯೊಳಗಿಂದ ಇಪ್ಪತ್ತಮೂರು ಖಾಲಿ ಫಾರಂ ಎಣಿಸಿ ಅವಳ ಕಡೆ ತಳ್ಳಿದರು. ಅವಳು ಅಲ್ಲೇ ಕೂತು ಮೊದಲನೆಯದರ ಮೇಲೆ ಮಾರಮ್ಮನ ಹೆಸರು ಬರೆದಳು. ಕೊನೆಯ ಕಾಲಮ್ಮಿನಲ್ಲಿ 'ಹೆಚ್ಚು' ಎಂದು ತುಂಬಿದಳು. ಉಳಿದ ಇಪ್ಪತ್ತೆರಡು ಮನೆಗಳಲ್ಲಿ ಲೋಟ ಕೈಗೆ ಕೊಡುವವರು ಯಾರಾದರೂ ಇದ್ದಾರೋ ಇಲ್ಲವೋ ಎಂದು ಯೋಚಿಸುತ್ತ, ಬೆಳಗಿನ ಬಸ್ಸು ಎಷ್ಟು ಗಂಟೆಗೆಂದು ಇನ್ನೊಮ್ಮೆ ನೆನಪು ಮಾಡಿಕೊಂಡಳು.