ನಾಯಿಗೆಂದು ಕೇಳಿದ ರಕ್ತ

ಆರೋಗ್ಯ ಕೇಂದ್ರದ ನರ್ಸ್ ಬ್ರಿಸಾಳ ಪುಟ್ಟ ಬೆರಳು ಚುಚ್ಚಿ ನೋಡಿದಳು. "ಮಗೂಗೆ ರಕ್ತ ಕಡಿಮೆ ಇದೆ. ಬರೀ ಸೂಪಿನ ನೀರು ಕುಡಿಸಿದ್ರೆ ಆಗಲ್ಲಮ್ಮ. ಕೋಳಿ ರಕ್ತ ಬೇಯಿಸಿ, ಈರುಳ್ಳಿ ಹಾಕಿ ಹುರಿದು, ಆಲೂಗಡ್ಡೆ ಜೊತೆ ಗಟ್ಟಿಯಾಗಿ ಕಲಸಿ ತಿನ್ಸು."

ತಾಯಿ ನೆಲಿದಾ ತಲೆಯಾಡಿಸಿದಳು. ಲಿಮಾ ನಗರದಂಚಿನ ಅವರ ಗುಡ್ಡದ ಕೇರಿಯಲ್ಲಿ ಕೋಳಿ ರಕ್ತ ಕೊಳ್ಳುವುದೆಂದರೆ, ಮಾಂಸ ಕೊಳ್ಳಲು ಗತಿಯಿಲ್ಲವೆಂದು ಸಾರಿದಂತೆ.

ಕೇರಿಯವರೆಲ್ಲ ಮರ್ಯಾದೆಯಿಂದ 'ದೋನ್ಯಾ', ಅಂದರೆ ಅಮ್ಮಾವ್ರೇ, ಎಂದು ಕರೆಯುವ ಸೋಸಿಮಾಳ ಕೋಳಿ ಅಂಗಡಿಯಲ್ಲಿ ಪಕ್ಕದ ಮನೆಯ ಎರ್ಲಿಂದಾ ಮಾಂಸ ಕೊಯ್ಯಿಸಿಕೊಳ್ಳುತ್ತಿದ್ದಳು. ಅವಳನ್ನು ಕಂಡದ್ದೇ ನೆಲಿದಾ ಮಾತು ಬದಲಿಸಿದಳು. "ಸ್ವಲ್ಪ ರಕ್ತ ಕೊಡಿ... ನಾಯಿಗೆ."

"ನಾಯಿಗಾದ್ರೆ ದುಡ್ಯಾಕೆ, ತಗೊಂಡ್ಹೋಗು." ಸೋಸಿಮಾ ಹಲಗೆಯಡಿಯ ಬಕೆಟ್ಟಿನಿಂದ ಸುರಿದುಕೊಟ್ಟಳು. ಅದರಲ್ಲಿ ಪುಕ್ಕವಿತ್ತು, ನೆಲ ತೊಳೆದ ನೀರೂ ಇತ್ತು.

ನೆಲಿದಾ ಅದನ್ನು ಮೂಸಿ ನೋಡಿ, ಮೆಟ್ಟಿಲ ಮೇಲೆ ಮಲಗುವ ಬೀದಿನಾಯಿ ಪೆಲುಸಾಗೆ ಹಾಕಿದಳು. ಮುಂದಿನ ಸಲ ಸರಿಯಾಗಿ ಕೇಳೋಣವೆಂದುಕೊಂಡಳು. ಮುಂದಿನ ಸಲವೂ ಅಲ್ಲಿ ಯಾರೋ ಪರಿಚಯದವರಿದ್ದರು, ಅದರ ಮುಂದಿನ ಸಲವೂ. ನಾಯಿಯ ಮೈ ಮಿರಮಿರ ಮಿಂಚತೊಡಗಿತು. ಬ್ರಿಸಾ ನೂಡಲ್ಸ್ ಸೂಪಿನ ನೀರು ಕುಡಿದು, ಗೋಡೆಯ ಮಣ್ಣು ಕೆರೆದು ನೆಕ್ಕುತ್ತಿದ್ದಳು.

ನರ್ಸ್ ಮತ್ತೆ ಬೆರಳು ಚುಚ್ಚಿದಳು. "ಇನ್ನೂ ಇಳಿದಿದೆಯಲ್ಲ! ತಿನ್ನಿಸ್ತಿದ್ದೀಯಾ?"

"ತಿನ್ನಿಸ್ತಿದ್ದೀನಿ."

"ಹಾಗಾದ್ರೆ ಒಳಗೇನೋ ಕಾಯಿಲೆ ಇರ್ಬೇಕು. ದೊಡ್ಡಾಸ್ಪತ್ರೆಗೆ ಸೇರಿಸಿ, ತೋಳಿಗೆ ಸೂಜಿ ಹಾಕಿ ನೋಡ್ಬೇಕಾಗತ್ತೆ."

ಹತ್ತಿ ಒತ್ತಿದ ಬೆರಳನ್ನೇ ಬ್ರಿಸಾ ನೋಡುತ್ತಿದ್ದಳು. ನೆಲಿದಾ ಅವಳನ್ನೆತ್ತಿಕೊಂಡು ನೇರ ಅಂಗಡಿಗೆ ನಡೆದಳು.

"ಬಾ, ಬಾ! ಹೆಂಗಿದಾನೆ ನಿನ್ನ ನಾಯಿರಾಯ?" ದೂರದಿಂದಲೇ ಸೋಸಿಮಾ ಕೂಗಿದಳು. "ಅಳಿಯನ್ನ ಸಾಕ್ದಂಗೆ ಸಾಕ್ತಿದೀಯ ಬಿಡು!"

ನಿಂತವರೆಲ್ಲ ನಕ್ಕರು. ಎರ್ಲಿಂದಾಳೂ ನಕ್ಕಳು. ನೆಲಿದಾ ನೇರ ಹಲಗೆಯ ಮುಂದೆ ಹೋಗಿ ನಿಂತಳು.

"ನಾಯಿಗಲ್ಲ ದೋನ್ಯಾ. ಮಗೂಗೆ. ಮೊದ್ಲಿಂದ್ಲೂ ಮಗೂಗೇ ಬೇಕಾಗಿತ್ತು."

ನಗು ನಿಂತಿತು. "ಅಯ್ಯೋ ನನ್ನವ್ವ! ಆ ಬಕೆಟ್ಟಿಂದು ತಿನ್ಸಿದ್ಯಾ?" ಎಂದಳು ಸೋಸಿಮಾ.

"ಇಲ್ಲ. ಅದನ್ನ ನಾಯಿಗೇ ಹಾಕ್ದೆ."

"ಮತ್ತೆ ಮಗೂಗೆ?"

ನೆಲಿದಾ ಬ್ರಿಸಾಳ ಚುಚ್ಚಿದ ಬೆರಳನ್ನು ತನ್ನ ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಎರ್ಲಿಂದಾ ಪಕ್ಕದಂಗಡಿಯ ಈರುಳ್ಳಿಯತ್ತ ಮುಖ ತಿರುಗಿಸಿದಳು.

ಸೋಸಿಮಾ ಕೈ ಒರೆಸಿಕೊಂಡು, ಮುಚ್ಚಿಟ್ಟಿದ್ದ ಬಟ್ಟಲು ತೆಗೆದಳು. ಒಳಗಿನ ರಕ್ತ ಹೊಳೆಯುತ್ತಾ ಹೆಪ್ಪುಗಟ್ಟಿತ್ತು. "ನನ್ನ ಮೊಮ್ಮಗನಿಗೆ ಇಟ್ಟಿದ್ದು. ಇವತ್ತು ನೀನು ತಗೊಂಡ್ಹೋಗು. ನಾಳೆಯಿಂದ ಬೆಳಿಗ್ಗೆ ತೊಳೆದ ಪಾತ್ರೆ ತಗೊಂಡು ಬಾ. ಬಾಯಿ ತೆರೆದು ಕೇಳು."

ಮನೆಗೆ ಹೋಗುವ ಮೊದಲು ನೆಲಿದಾ ಆರೋಗ್ಯ ಕೇಂದ್ರಕ್ಕೆ ಮರಳಿ ನರ್ಸಿಗೂ ನಿಜ ಹೇಳಿದಳು. ಮನೆಯ ಮೆಟ್ಟಿಲಲ್ಲಿ ಪೆಲುಸಾ ಬಾಲ ಅಲ್ಲಾಡಿಸುತ್ತ ಎದ್ದು ಬಂತು. ನೆಲಿದಾ ಬಟ್ಟಲನ್ನು ಎದೆಗವಚಿಕೊಂಡು, ನಾಯಿಯ ಮಿಂಚುವ ಮೈ ನೋಡಲಾರದೆ, ಪಕ್ಕದಿಂದ ಹಾದು ಒಳಗೆ ಹೋಗಿ ಈರುಳ್ಳಿ ಹೆಚ್ಚಲು ಕೂತಳು.