ಗದಗ ಗಿರ್ಮಿಟ್ ಗೆದ್ದ ವರ್ಷ

ಹಸಿರು, ನೆನೆಹಾಕಿದ ಹೆಸರುಕಾಳಿನಷ್ಟು, ಪ್ರತಿಮಾ ಎಂಬ ಅಕ್ಷರಗಳ ಪಕ್ಕದಲ್ಲಿ — ಕಿಟಕಿಯ ಪರದೆಪಟ್ಟಿಯ ಸಂದಿನಿಂದ ಮಸ್ಕತ್ತಿನ ಬೌಷರಿನ ಬಿಸಿಲು ಮೊಬೈಲಿನ ಮೇಲೆ ಬಿದ್ದು ಚುಕ್ಕೆ ಕಾಣದಂತಾಯಿತು, ಪ್ಯಾಟ್ರಿಷಿಯಾ ಅಂಗೈ ಮರೆಮಾಡಿ ಮತ್ತೆ ನೋಡಿದಳು, ಇದೆ, ಇರಲೇಬೇಕು, ಅದನ್ನು ಹಚ್ಚಿದವಳು ತಾನೇ ಅಲ್ಲವೇ, ಎದುರಿನ ಆಫೀಸ್ ಕಂಪ್ಯೂಟರಿನಲ್ಲಿ ಪ್ರತಿಮಾಳ ಪಾಸ್‌ವರ್ಡ್ ಹಾಕಿ ಒಳಗೆ ಕೂತವಳು ತಾನೇ, ಕೈಯ ಮೊಬೈಲಿನಲ್ಲಿ ತನ್ನ ತಂಡ, ಮೇಜಿನ ಮೇಲೆ ಅವಳ ತಂಡ, ಎರಡರ ನಡುವೆ ತಣ್ಣಗಾದ ಚಹಾ. ಆಟದೊಳಗೆ ಇದ್ದಾಳೆ ಎಂದು ತೋರಿಸುವ ಚುಕ್ಕೆ, ಹೊರಗೆ ಬಂದರೂ ಐದು ನಿಮಿಷ ಆರುವುದಿಲ್ಲ, ಜೂನಿನಲ್ಲೇ ಗಡಿಯಾರ ಇಟ್ಟು ನೋಡಿದ್ದಳು, ದೀಪ ಆರಿಸಿದ ಮೇಲೂ ಬತ್ತಿಯ ತುದಿ ಸ್ವಲ್ಪ ಹೊತ್ತು ಕೆಂಪಗಿರುತ್ತದಲ್ಲ ಹಾಗೆ. ಹನ್ನೆರಡು ಗಂಟೆಗೆ ಐಟಿಯ ಮುಹಮ್ಮದ್ ಬಂದು ಕಂಪ್ಯೂಟರ್ ಒಯ್ಯುತ್ತಾನೆ, ಇಪ್ಪತ್ತಾರು ವರ್ಷದ ಕೆಲಸ, ಇವತ್ತು ಗುರುವಾರ, ಕಡೆಯ ದಿನ, ನಾಳೆ ಮಂಗಳೂರಿನ ವಿಮಾನ. ಹ್ಯಾಂಡೋವರ್ ಕಾಗದ ಬರೆದು ಮುಗಿಸಬೇಕು. ಇಲ್ಲಿಯ ಪದ್ಧತಿ ಅದು, ನಾಲ್ಕು ದಿನದ ರಜೆಗೆ ಹೋಗುವವರೂ ಬರೆದಿಟ್ಟು ಹೋಗಬೇಕು, ಯಾವ ಬೀಗದ ಕೈ ಎಲ್ಲಿದೆ, ಯಾವ ಕೆಲಸ ಅರ್ಧಕ್ಕೆ ನಿಂತಿದೆ, ಯಾರಿಗೆ ಫೋನ್ ಮಾಡಬೇಕು, ಕೊನೆಗೆ ಹಿಂತಿರುಗುವ ದಿನಾಂಕ. ಆರು ಸಾಲು ಬರೆದಿದ್ದಾಳೆ, ನಕ್ಷೆಗಳ ಕಪಾಟು, ಕೊರಿಯರಿನವನ ನಂಬರು, ಮೂರನೇ ಮಹಡಿಯ ಝೆರಾಕ್ಸ್ ಯಂತ್ರದ ಬಾಗಿಲನ್ನು ಮೆಲ್ಲಗೆ ಎತ್ತಬೇಕು ಎಂಬುದು. ಏಳನೆಯ ಸಾಲು ಖಾಲಿ. ಏಳನೆಯದನ್ನು ಯಾರಿಗೆಂದು ಬರೆಯುವುದು, ತಾನು ನಾಲ್ಕು ತಿಂಗಳು ಇಬ್ಬರಾಗಿ ಆಡಿದೆ ಎಂದೇ?

ಮೊದಲಿಗೆ ಹನ್ನೆರಡು ಜನರ ಆಟ. ಪ್ರಾಜೆಕ್ಟಿನ ಅಮೆರಿಕನ್ ಸಾಹೇಬ ಶುರುಮಾಡಿದ್ದು, ಅವನ ದೇಶದ ಬೇಸ್‌ಬಾಲ್, ಅಲ್ಲಿ ಮೈದಾನದಲ್ಲಿ ನಿಜವಾಗಿ ಆಡುವವರನ್ನು ಇಲ್ಲಿ ನಾವು ಹೆಸರಿಗೆ ಹಂಚಿಕೊಳ್ಳುವುದು, ಅವರು ಅಲ್ಲಿ ಹೊಡೆದರೆ ನಮಗೆ ಇಲ್ಲಿ ಅಂಕ, ಯಾರನ್ನು ಇಳಿಸಬೇಕು ಯಾರನ್ನು ಬೆಂಚಿನ ಮೇಲೆ ಕೂರಿಸಬೇಕು ಎಂದು ಹಿಂದಿನ ದಿನವೇ ಹೇಳಬೇಕು, ಅಷ್ಟೇ ನಮ್ಮ ಕೆಲಸ. ಬೇಸ್‌ಬಾಲ್ ಎಂದರೆ ಲಗೋರಿಯೋ ಬುಗುರಿಯೋ ಎಂದು ತಿಳಿಯದ ಇಬ್ಬರು ಹೆಂಗಸರು ಅದರಲ್ಲಿ ಸೇರಿದ್ದು ಸಾಹೇಬನ ಮುಖ ನೋಡಿ. ತಂಡಕ್ಕೆ ಹೆಸರಿಡಿ ಎಂದ, ಪ್ಯಾಟ್ರಿಷಿಯಾ ತನ್ನ ಊರು ಸೇರಿಸಿ ಶಿರ್ವ ಸಾನ್ನಾಂ ಎಂದಳು, ಪ್ರತಿಮಾ ತನ್ನದು ಸೇರಿಸಿ ಗದಗ ಗಿರ್ಮಿಟ್ ಎಂದಳು, ಹಾಗೆಂದರೇನು ಎಂದು ಕೇಳಿದ, ಎರಡೂ ತಿನ್ನೋವು ಸರ್, ಒಂದು ಮೆತ್ತಗೆ, ಒಂದು ಖಾರ ಎಂದಳು ಪ್ರತಿಮಾ. ಸಾಹೇಬ ಹೋದ, ಹಿಂದೆಯೇ ಒಬ್ಬೊಬ್ಬರಾಗಿ ಹನ್ನೆರಡು ಏಳಾಯಿತು, ನಾಲ್ಕಾಯಿತು, ಉಳಿದಿದ್ದ ಮೂರನೆಯವ ಡೆಸ್ಮಂಡ್ ಸೊಹಾರಿನ ಆಫೀಸಿಗೆ ಹೋದ ಮೇಲೆ ಎರಡಾಯಿತು. ಎರಡು ಸಾಕಾಗಿತ್ತು. ಅಮೆರಿಕದ ಸಂಜೆ ನಮಗೆ ಬೆಳಗು, ಇಬ್ಬರ ಮನೆಯೂ ಇದ್ದ ಹಮ್ರಿಯಾದಿಂದ ಆರೂ ನಲವತ್ತಕ್ಕೆ ಹೊರಡುವ ಕಂಪನಿ ವ್ಯಾನಿನಲ್ಲಿ ಕಡೆಯ ಸೀಟು ಇಬ್ಬರದು, ಮೊಬೈಲ್ ತೊಡೆಯ ಮೇಲೆ, ಅಂಕ ಏರುವುದನ್ನು ನೋಡುತ್ತ ನೋಡುತ್ತ ಬೌಷರ್ ಬಂದದ್ದೇ ತಿಳಿಯುತ್ತಿರಲಿಲ್ಲ. ಬಾಯಿಗೆ ಹೊರಳದ ಹೆಸರುಗಳಿಗೆ ತಾವೇ ಹೆಸರಿಟ್ಟಿದ್ದರು, ಪ್ರತಿಮಾಳ ಕಡೆ ಚೆಂಡು ಎಸೆಯುವ ನಲವತ್ತು ದಾಟಿದ ಮೀಸೆಯವನು ಗೌಡ್ರು, ಪ್ಯಾಟ್ರಿಷಿಯಾಳ ಕಡೆಯ ದಪ್ಪಗಿನ ಹೊಡೆತಗಾರ ಮೂಡೆ, ಕೇದಗೆ ಎಲೆಯ ಕೊಟ್ಟೆಯಲ್ಲಿ ಇಡ್ಲಿ ಹಿಟ್ಟು ತುಂಬಿಟ್ಟ ಹಾಗೆ ಅಂಗಿಯೊಳಗೆ ತುಂಬಿಕೊಂಡಿದ್ದಾನೆ ಎಂದು. ಅಕ್ಕಾರ, ನಿಮ್ಮ ಮೂಡಿಗೆ ಓಡಾಕ ಬರಂಗಿಲ್ಲರಿ, ಉಳ್ಳಾಕ ಬರತೈತಿ, ಎಂದು ಪ್ರತಿಮಾ. ನಿನ್ನ ಗೌಡ್ರಿಗೆ ಎಸೆಯುವ ಮೊದಲು ಎಲೆ ಅಡಿಕೆ ಕೊಡಬೇಕಾ ಎಂತ, ಮಾರಾಯ್ತಿ? ಮುಂದಿನ ಸೀಟಿನ ಮಲಯಾಳಿ ಹುಡುಗಿಯರು ತಿರುಗಿ ನೋಡುತ್ತಿದ್ದರು, ಈ ಅಮ್ಮಂದಿರಿಗೆ ಬೆಳಬೆಳಿಗ್ಗೆ ಏನು ನಗು ಎಂದು.

ಈ ವರ್ಷ ಏಪ್ರಿಲಿನಲ್ಲಿ, ಆ ವರ್ಷದ ಆಟ ಶುರುವಾಗಿ ಮೂರು ವಾರಕ್ಕೆ, ಪ್ರತಿಮಾಳ ಗಂಡ ಸಿದ್ದುವಿಗೆ ದುಕ್ಮ್ ರಿಫೈನರಿಯಲ್ಲಿ ಕೆಲಸವಾಯಿತು, ಹದಿನೈದು ದಿನದಲ್ಲಿ ಮನೆ ಖಾಲಿ. ಆಫೀಸಿನ ಹ್ಯಾಂಡೋವರನ್ನು ಹೊಸ ಹುಡುಗಿಗೆ ಬರೆದುಕೊಟ್ಟಳು, ನನಗೆಂತ ಇಲ್ಲವಾ ಎಂದು ಪ್ಯಾಟ್ರಿಷಿಯಾ ತಮಾಷೆಗೆ ಕೇಳಿದಳು, ತಮಾಷೆಗೇ ಕೇಳಿದ್ದು, ಅವಳು ಪೆಟ್ಟಿಗೆಗೆ ಟೇಪು ಅಂಟಿಸುತ್ತ, ನಿಮಗ ಯಾಕ್ರಿ ಅಕ್ಕಾರ, ನಾ ಎಲ್ಲಿ ಹೊಂಟೀನಿ, ಐನೂರು ಕಿಲೋಮೀಟರ್ ಅಷ್ಟ, ಆಟದಾಗ ದಿನಾ ಭೆಟ್ಟಿ ಆಗತೀವಲ್ಲ. ದಿನಾ ಆದರು, ಎರಡು ವಾರ. ವ್ಯಾನಿನಲ್ಲಿ ಪಕ್ಕದ ಸೀಟಿಗೆ ಕೈಚೀಲ ಇಟ್ಟುಕೊಂಡು ಪ್ಯಾಟ್ರಿಷಿಯಾ ಮೊಬೈಲ್ ತೆರೆದರೆ ಹಸಿರು ಚುಕ್ಕೆ, ಅಲ್ಲಿ ಆ ಸಮುದ್ರದ ದಡದಲ್ಲಿ ಅವಳೂ ತೆರೆದಿದ್ದಾಳೆ, ಅಷ್ಟು ಸಾಕು, ಮಾತು ಬೇಡ. ಆಮೇಲೆ ಒಂದು ದಿನ ಇಲ್ಲ, ಆಮೇಲೆ ಎರಡು ದಿನ ಇಲ್ಲ. ಒಂದು ಧ್ವನಿ ಸಂದೇಶ ಬಂತು, ಹಿಂದೆ ಭೋರೆಂದು ಗಾಳಿ, ಅಕ್ಕಾರ, ಇಲ್ಲಿ ಗಾಳಿ ಅಂದ್ರ ಗಾಳಿ, ಒಣಗಾಕಿದ ಸೀರಿ ಮಸ್ಕತ್ತಿಗೆ ಬಂದ್ರ ಎತ್ತಿಡ್ರಿ, ಶನಿವಾರ ಫೋನ್ ಮಾಡತೀನಿ. ಯಾವ ಶನಿವಾರ ಎಂದು ಹೇಳಿರಲಿಲ್ಲ, ಪಾಪ, ಅವಳದು ತಪ್ಪಲ್ಲ, ಹೊಸ ಊರು, ಹೊಸ ಮನೆ, ಅಲ್ಲಿ ಗದಗಿನ ಕಡೆಯವರೇ ನಾಲ್ಕು ಮನೆ ಇದ್ದಾರಂತೆ. ಹದಿನಾಲ್ಕು ದಿನ ಯಾರೂ ಮುಟ್ಟದ ತಂಡವನ್ನು ಯಂತ್ರವು ಬಿಟ್ಟುಹೋದದ್ದು ಎಂದು ಬರೆದುಕೊಳ್ಳುತ್ತದೆ, ಇನ್ನೊಬ್ಬರು ಗೆದ್ದರು ಎಂದು ಆಟ ಮುಚ್ಚುತ್ತದೆ. ಹತ್ತು, ಹನ್ನೊಂದು, ಹನ್ನೆರಡು. ಹದಿಮೂರನೇ ದಿನ ಪ್ಯಾಟ್ರಿಷಿಯಾ ಮೇಜಿನ ಕೆಳಗಿನ ಖಾನೆಯಿಂದ ಹಳೆಯ ಕಾಗದ ತೆಗೆದಳು — ಮೂರು ವರ್ಷದ ಹಿಂದೆ ತಾಯಿ ತೀರಿದಾಗ ಪ್ರತಿಮಾ ಇಪ್ಪತ್ತು ದಿನ ಊರಿಗೆ ಹೋದವಳು ಬರೆದಿಟ್ಟ ಹ್ಯಾಂಡೋವರ್, ಅಳುತ್ತಲೇ ಬರೆದದ್ದು, ಆದರೂ ಐದನೇ ಸಾಲಿನಲ್ಲಿ ಗಿರ್ಮಿಟ್, ಪಾಸ್‌ವರ್ಡ್ ಇದು, ಗೌಡ್ರನ್ನ ಯಾವ ಕಾರಣಕ್ಕೂ ಕುಂದ್ರಸಬ್ಯಾಡ್ರಿ. ಪಾಸ್‌ವರ್ಡ್ ಬದಲಿಸಿರುತ್ತಾಳೆ ಎಂದುಕೊಂಡಳು, ಬದಲಿಸಿರಲಿಲ್ಲ. ಒಂದೇ ಸಲ ಎಂದುಕೊಂಡಳು, ಮೊಣಕೈ ನೋವಾದ ಒಬ್ಬನನ್ನು ತೆಗೆದು ಇನ್ನೊಬ್ಬನನ್ನು ಹಾಕಿ ಹೊರಗೆ ಬಂದುಬಿಡುವುದು ಎಂದು, ಆದರೆ ಮೊಬೈಲಿನಲ್ಲಿ ತನ್ನ ತಂಡ ತೆರೆದು ನೋಡಿದರೆ ಪ್ರತಿಮಾಳ ಪಕ್ಕದಲ್ಲಿ ಹಸಿರು.

ಚಿಕ್ಕಂದಿನಲ್ಲಿ ಶಿರ್ವದಲ್ಲಿ ಅಕ್ಕ ಒಲಿಂಡಾಗೆ ಕೆಪ್ಪಟರಾಯ ಬಂದು ಕೋಣೆ ಸೇರಿದಾಗ ಪ್ಯಾಟ್ರಿಷಿಯಾ ಅಂಗಳದಲ್ಲಿ ಒಬ್ಬಳೇ ಚೆನ್ನೆಮಣೆ ಇಟ್ಟು ಕೂತಿದ್ದಳು, ಎಂಟು ವರ್ಷ ಇರಬೇಕು, ಆಚೆಯ ಏಳು ಕುಳಿಗೆ ಎಡಗೈ, ಈಚೆಯ ಏಳಕ್ಕೆ ಬಲಗೈ, ನೆರೆಮನೆಯ ಗುರುವನ ತಾಯಿ ಬೇಲಿಯಾಚೆಯಿಂದ, ಒಬ್ಬಳೇ ಆಡುವುದು ಸೀತೆಯ ಆಟ ಮಗಾ, ಅಶೋಕವನದಲ್ಲಿ ಅವಳು ಹಾಗೇ ಆಡಿದ್ದಂತೆ, ಬೇಡ, ಬಾ, ನಾನು ಬರುತ್ತೇನೆ ಎಂದು ಒದ್ದೆ ಕೈ ಒರೆಸಿಕೊಂಡು ಬಂದು ಕೂತಿದ್ದರು. ಇಲ್ಲಿ ಬೇಲಿಯಾಚೆ ಯಾರು. ಮೋಸ ಮಾಡಲಿಲ್ಲ, ಒಂದು ದಿನವೂ ಮಾಡಲಿಲ್ಲ, ಬೆಳಿಗ್ಗೆ ವ್ಯಾನಿನಲ್ಲಿ ತನ್ನದು, ಆಫೀಸಿಗೆ ಬಂದು ಅವಳದು, ಎಡಗೈ ಬಲಗೈಗೆ ಹೇಳದ ಹಾಗೆ, ಅವಳಾದರೆ ಏನು ಮಾಡುತ್ತಿದ್ದಳೋ ಅದನ್ನೇ — ಸೋಲುವವನನ್ನು ಹಟಕ್ಕೆ ಇಟ್ಟುಕೊಳ್ಳುವುದು, ಚೆಂದದ ಹೆಸರಿನವನನ್ನು ಸುಮ್ಮನೆ ಕೊಳ್ಳುವುದು. ಜುಲೈಯಲ್ಲಿ ಒಂದು ದಿನ ಮೂಡೆ ನಾಲ್ಕಕ್ಕೆ ನಾಲ್ಕೂ ತಪ್ಪಿದ, ಆಗ ಪ್ಯಾಟ್ರಿಷಿಯಾಳ ಬೆರಳು ತಾನಾಗಿ ಆಟದ ಚಾಟಿನಲ್ಲಿ ಪ್ರತಿಮಾಳ ಹೆಸರಿನಲ್ಲಿ ಬರೆಯಿತು, ಅಕ್ಕಾರ, ನಿಮ್ಮ ಮೂಡಿ ಇವತ್ತ ಹಳಸೈತಿ ನೋಡ್ರಿ. ಮೊಬೈಲ್ ಟಿಣ್ ಎಂದಿತು. ತೆಗೆದು ಓದಿದಳು, ಜೋರಾಗಿ ನಕ್ಕುಬಿಟ್ಟಳು, ಪಕ್ಕದ ಮೇಜಿನ ಹೇಝಲ್, ವಾಟ್ ಆಂಟಿ, ಗುಡ್ ನ್ಯೂಸ್? ಎಂದಳು, ಹ್ಞೂಂ ಎಂದು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು, ಬೇಸಿಗೆಯ ನಲ್ಲಿ, ತಣ್ಣೀರೂ ಸುಡುತ್ತದೆ. ಬಂದು ಆ ಸಾಲನ್ನು ಅಳಿಸಿದಳು. ಅದೊಂದೇ ಮೋಸ, ಅಂಕದ್ದಲ್ಲ.

ಆಗಸ್ಟಿನಲ್ಲಿ ಗೌಡ್ರ ಭುಜ ಹಿಡಿಯಿತು, ಮೂರು ವಾರ ಮಲಗಿದರು, ಯಾವ ತಂಡಕ್ಕೂ ಸೇರದೆ ಬಿಡುವಾಗಿದ್ದವರಲ್ಲಿ ಒಳ್ಳೆಯ ಎಳೆಯ ಎಸೆಗಾರ ಇದ್ದ, ಯಂತ್ರವೂ ಅವನನ್ನೇ ತೋರಿಸುತ್ತಿತ್ತು, ಆದರೆ ಐದನೇ ಸಾಲು, ಯಾವ ಕಾರಣಕ್ಕೂ. ಕಾದಳು. ಸೋಮವಾರ, ಕಡೆಯ ಪಂದ್ಯಗಳ ದಿನ, ಒಟ್ಟು ಅಂಕದಲ್ಲಿ ಸಾನ್ನಾಂ ಹದಿನೇಳು ಮುಂದೆ, ಗೌಡ್ರು ಎದ್ದು ಬಂದು ಏಳು ಸುತ್ತು ಎಸೆದರು, ನಡುನಡುವೆ ಬಗ್ಗಿ ಮೊಣಕಾಲಿಗೆ ಕೈಯೂರಿ ನಿಂತು ಮತ್ತೆ ಎಸೆದರಂತೆ, ಗಿರ್ಮಿಟ್ ಎರಡೇ ಅಂಕದಿಂದ ಗೆದ್ದಿತು. ತನ್ನನ್ನು ತಾನೇ ಸೋಲಿಸಿಕೊಂಡವಳಿಗೆ ಆ ಬೆಳಿಗ್ಗೆ ವ್ಯಾನಿನಲ್ಲಿ ಆದ ಖುಷಿಯನ್ನು ಹೇಳಲು ಪಕ್ಕದಲ್ಲಿ ಕೈಚೀಲ. ಮೂರು ದಿನ ಕಾದಳು, ಗೆದ್ದವರಿಗೆ ಯಂತ್ರವೇ ಪತ್ರ ಕಳಿಸುತ್ತದೆ, ನೋಡಿಯಾಳು, ನಗುತ್ತ ಫೋನ್ ಮಾಡಿಯಾಳು, ಅಕ್ಕಾರ, ನನ್ನ ಆಟ ನೀವ ಆಡೀರಿ ಹೌದಿಲ್ಲ, ಗೌಡ್ರನ್ನ ಕುಂದ್ರಸಲಿಲ್ಲ ನೋಡ್ರಿ ಎಂದಾಳು. ಇವತ್ತು ಹತ್ತು ಗಂಟೆಗೆ, ಕಡೆಯ ದಿನವಲ್ಲವೇ ಎಂದು, ತಾನೇ ಕಳಿಸಿದಳು: ಪ್ರತಿಮಾ, ನಿನ್ನ ಗಿರ್ಮಿಟ್ ಗೆದ್ದಿತು ಮಾರಾಯ್ತಿ. ನಾನು ನಾಳೆ ಊರಿಗೆ. ಹನ್ನೊಂದೂ ನಲವತ್ತಕ್ಕೆ ಉತ್ತರ ಬಂತು, ಅಯ್ಯ ಅಕ್ಕಾರ, ಆ ಆಟ ಇನ್ನೂ ನಡದೈತೇನ್ರಿ? ನಾ ಮರತಬಿಟ್ಟಿದ್ದೆ. ನನ್ನ ಕಡಿಂದ ಯಾರ್ ಆಡಿದ್ರು?

ಯಾರ್ ಆಡಿದ್ರು. ನಾನು ಎಂದು ಬರೆಯಲು ಎರಡೇ ಅಕ್ಷರ, ಬರೆದಳು, ಅಳಿಸಿದಳು, ನಾಲ್ಕು ತಿಂಗಳು ಪ್ರತಿದಿನ ಎಂದು ಬರೆದಳು, ಅದನ್ನೂ ಅಳಿಸಿದಳು, ಅದನ್ನು ಓದಿದವಳಿಗೆ ಭಯವಾಗಬಹುದು, ಇಲ್ಲವೇ ಪಾಪ ಅನಿಸಬಹುದು, ಎರಡೂ ಬೇಡ. ಕಂಪ್ಯೂಟರ್ ತಾನೇ ಆಡಿಕೊಂಡಿತು, ಮಾರಾಯ್ತಿ. ಅತ್ತಲಿಂದ ನಗುವ ಮುಖ ಮೂರು, ಛಲೋ ಆತು ಬಿಡ್ರಿ, ಆರಾಮ ಹೋಗಿ ಬರ್ರಿ, ಶನಿವಾರ ಫೋನ್ ಮಾಡತೀನಿ. ಶನಿವಾರ ಈ ನಂಬರು ಇರುವುದಿಲ್ಲ, ಇಂದು ಸಂಜೆಯೇ ಆಫೀಸಿನ ಸಿಮ್ ಹಿಂದಿರುಗಿಸಬೇಕು, ಶಿರ್ವದಲ್ಲಿ ತಮ್ಮನ ಮನೆಯ ನಂಬರನ್ನು ಕಳಿಸಬೇಕೆಂದು ಮತ್ತೆ ಸಂದೇಶ ತೆರೆದಳು, ಕೇಳಲಿಲ್ಲವಲ್ಲ ಅವಳು, ಮುಚ್ಚಿದಳು, ಹ್ಯಾಂಡೋವರ್ ಕಾಗದವನ್ನು ಎಳೆದುಕೊಂಡು ಏಳನೆಯ ಸಾಲಿನ ಮೇಲೆ ಸ್ಕೇಲಿಟ್ಟು ಅಡ್ಡಗೆರೆ ಎಳೆದಳು, ಹಿಂತಿರುಗುವ ದಿನಾಂಕದ ಮುಂದೆಯೂ ಒಂದು ಗೆರೆ. ಬಾಗಿಲಲ್ಲಿ ಮುಹಮ್ಮದ್, ಕಾಲುಮುಟ್ಟುವ ಬಿಳಿ ದಿಶ್‌ದಾಶಾ, ಕೈಯಲ್ಲಿ ಟ್ರಾಲಿ, ಖಲಾಸ್, ಸಿಸ್ಟರ್? ಪಾಂಚ್ ಮಿನಿಟ್ ಔರ್ ಚಾಹಿಯೇ? ಬೇಡ ಎಂದು ತಲೆಯಾಡಿಸಿದಳು, ಖಲಾಸ್ ಎಂದಳು, ಪ್ರತಿಮಾಳ ತಂಡದಿಂದ ಹೊರಗೆ ಬಂದಳು, ಅವನು ವೈರು ಕಿತ್ತ, ಪರದೆ ಕಪ್ಪಾಗಿ ಅದರಲ್ಲಿ ಒಂದು ಕ್ಷಣ ಕನ್ನಡಕ ಹಾಕಿದ ಮುಖ, ಆಮೇಲೆ ಅದೂ ಟ್ರಾಲಿಯ ಮೇಲೆ ಹತ್ತಿ ಕಾರಿಡಾರಿನಲ್ಲಿ ಗಡಗಡ ಹೋಯಿತು. ಮೇಜಿನ ಮೇಲೆ ಧೂಳಿಲ್ಲದ ಒಂದು ಚೌಕ. ಪ್ಯಾಟ್ರಿಷಿಯಾ ಮೊಬೈಲನ್ನು ಅದರ ನಡುವೆ ಇಟ್ಟು ಎರಡೂ ಅಂಗೈ ಮರೆಮಾಡಿದಳು, ಗಾಳಿಗೆ ದೀಪ ಆರದಂತೆ ಹಿಡಿದ ಹಾಗೆ, ಐದು ನಿಮಿಷ ಇದೆ, ನಾಲ್ಕು ಇರಬೇಕು ಈಗ, ಪ್ರತಿಮಾ, ಪಕ್ಕದಲ್ಲಿ ಹೆಸರುಕಾಳಿನಷ್ಟು, ಹಸಿರು, ಇನ್ನೂ ಹಸಿರು