ಹೆಂಗಸರ ವಾರ್ಡಿನ ಪಾಠ

“ಇದು ಒಂದು. ಈಗ ಎರಡು. ಹೇಳಿ ಸಿಸ್ಟರ್.” ಆಯಾ ದೊಡ್ಡಗಂಗಮ್ಮ ಕೈಯಲ್ಲಿದ್ದ ಕಪ್ಪಿನ ಜೊತೆಗೆ ಇನ್ನೊಂದನ್ನೂ ಎತ್ತಿ ಹಿಡಿದಳು.

“ಟಾಸ್ಸೆ. ಟಾಸ್ಸನ್,” ಎಂದಳು ನರ್ಸ್ ಅಖ್ತರ್ ಬಾನು, ಮಾತ್ರೆ ಹಂಚಿಡುತ್ತಲೇ.

“ಮೊಟ್ಟೆ?”

“ಐ. ಐಯರ್.”

“ಚಮಚ?”

“ಲೋಫೆಲ್. ಎರಡಾದ್ರೂ ಲೋಫೆಲ್ಲೇ.”

“ಥೂ, ಒಂದೊಂದಕ್ಕೂ ಒಂದೊಂದು ಬಾಲ, ಇದುಕ್ಕೆ ಬಾಲಾನೇ ಇಲ್ಲ. ನಮ್ಮಂಗೆ ‘ಗಳು’ ಅಂತ ಅಂಟಿಸ್ಕೊಂಡಿದ್ರೆ ಆ ಜರ್ಮನಿಯೋರ ಗಂಟೇನ್ ಹೋಗ್ತಿತ್ತು?”

ಪಶ್ಚಿಮ ಜರ್ಮನಿಯ ಆಸ್ಪತ್ರೆಗೆ ನರ್ಸುಗಳನ್ನು ಆರಿಸುವ ಪರೀಕ್ಷೆ ಮರುದಿನ ಬೆಂಗಳೂರಿನಲ್ಲಿತ್ತು. ತುಮಕೂರಿನ ಈ ವಾರ್ಡಿನಲ್ಲಿ ಅಖ್ತರ್ ನಾಲ್ಕು ತಿಂಗಳಿಂದ ಕಣ್ಣಿಗೆ ಬಿದ್ದದ್ದಕ್ಕೆಲ್ಲ ಜರ್ಮನ್ ಪದವನ್ನು, ಒಂದಿದ್ದರೆ ಹೇಗೆ, ಎರಡಾದರೆ ಹೇಗೆ ಎಂದು ಕಲಿಯುತ್ತಿದ್ದಳು.

ಪರಿಚಿತ ಮೆಟ್ಟಿನ ಸದ್ದಿಗೆ ಅವಳ ಕೈ ನಿಂತಿತು. ಗುಬ್ಬಿಯಿಂದ ಅಣ್ಣ ಸರ್ದಾರ್ ಪಾಷಾ ಬಂದಿದ್ದ. ಮೇಜಿನ ಮೇಲಿದ್ದ ಅವಳ ಪದಗಳ ನೋಟ್‌ಬುಕ್ ಎತ್ತಿಕೊಂಡು, ಮನೆಯ ಉರ್ದು ಬಿಟ್ಟು, ಎಲ್ಲರಿಗೂ ಕೇಳಲೆಂದೇ ಕನ್ನಡದಲ್ಲಿ ಮಾತಾಡಿದ.

“ನಡಿ ಮನೆಗೆ. ನಾಳೆ ಕುಣಿಗಲ್‌ನೋರು ಹೆಣ್ಣು ನೋಡೋಕೆ ಬರ್ತಾವ್ರೆ. ನಾಲ್ಕು ಪದ ಉರು ಹೊಡೆದ್ರೆ ಜರ್ಮನಿ ಬಂದ್ಬಿಡ್ತದಾ? ಈ ಪುಸ್ತಕ ಕಿತ್ಕೊಂಡ್ರೆ ನಿಂಗೇನ್ ಗೊತ್ತು?”

ಅಣ್ಣನಿಗೆ ಅಖ್ತರ್ ಎಂದೂ ಎದುರು ಮಾತಾಡಿದವಳಲ್ಲ.

“ಯಾವ ಪದ ಬೇಕಾದ್ರೂ ಕೇಳಿ ನೋಡಿ, ಭಾಯ್.”

ಅವನು ಕೇಳಲಿಲ್ಲ. ಐದನೇ ಹಾಸಿಗೆಯ ಮುದುಕಿ, ಹೆಬ್ಬೂರಿನ ನಿಂಗಮ್ಮ, ತನ್ನ ಕನ್ನಡಕ ತೆಗೆದು ಮೇಲೆತ್ತಿದಳು. “ಇದುಕ್ಕೇನವ್ವ?”

“ಬ್ರಿಲ್ಲೆ. ಬ್ರಿಲ್ಲನ್.”

ಅತ್ತ ಕಿಟಕಿಯ ಬಳಿ ಒಬ್ಬಳು ಸೇಬು ಹಿಡಿದಳು.

“ಆಪ್ಫೆಲ್. ಎಪ್ಫೆಲ್.”

ದೊಡ್ಡಗಂಗಮ್ಮ ಕುರ್ಚಿಯನ್ನೇ ಎತ್ತಿಬಿಟ್ಟಳು. “ಬೇಗ ಹೇಳವ್ವ, ಸೊಂಟ ಹೋಯ್ತದೆ!”

“ಷ್ಟೂಲ್. ಷ್ಟ್ಯೂಲೆ!” ಅಖ್ತರಳ ದನಿ ವರಾಂಡದವರೆಗೂ ಹೋಯಿತು.

“ತಪ್ಪು,” ಎಂದ ಸರ್ದಾರ್.

“ಪುಸ್ತಕ ನಿಮ್ಮ ಕೈಲೇ ಇದೆ. ಕನ್ನಡದಲ್ಲೇ ಬರ್ದಿದೀನಿ, ಓದ್ಕೊಳ್ಳಿ. ನಾನು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗ್ತೀನಿ. ಬರಬೇಡಿ ಅಂತ ಕುಣಿಗಲ್‌ನೋರಿಗೆ ಇವತ್ತೇ ಹೇಳಿ ಕಳಿಸಿ.”

ಥರ್ಮಾಮೀಟರನ್ನು ಒದರುತ್ತ ಅವಳು ಏಳನೇ ಹಾಸಿಗೆಯತ್ತ ನಡೆದಳು.

ಆಯಾ ಕೆಳಗಿಳಿಸಿದ ಕುರ್ಚಿಯ ಮೇಲೆ ಸರ್ದಾರ್ ಪಾಷಾ ಕುಳಿತು ನೋಟ್‌ಬುಕ್ ಬಿಡಿಸಿದ. ಮೊದಲ ಸಾಲಿನಿಂದ ಹಿಡಿದು, ‘ಕುರ್ಚಿ’ ಎಲ್ಲಿದೆಯೆಂದು ಹುಡುಕುತ್ತ, ಬೆರಳನ್ನು ನಿಧಾನವಾಗಿ ಕೆಳಗಿಳಿಸುತ್ತ ಹೋದ.